ಇಸವಿಯ ತಕರಾರು: ಹಳೆ ಕಾರಿನ ಸಂಘಗಳು ಬೆಳೆದ ಬಗೆ

ನವೆಂಬರ್ ತಿಂಗಳ ಮೊದಲ ಭಾನುವಾರ, ಸೂರ್ಯ ಹುಟ್ಟುವ ಹೊತ್ತಿಗೆ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನೂರಾರು ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ. ಕೆಲವಕ್ಕೆ ಮೂರೇ ಚಕ್ರ. ಕೆಲವಕ್ಕೆ ಸ್ಟೀರಿಂಗ್ ಬದಲು ಒಂದು ಹಿಡಿಕೋಲು. ಪೆಟ್ರೋಲಿನವುಗಳ ನಡುವೆ ಹಬೆಯವೂ ಬ್ಯಾಟರಿಯವೂ ಇರುತ್ತವೆ. ಅಲ್ಲಿಂದ ದಕ್ಷಿಣಕ್ಕೆ, ಕಡಲ ದಂಡೆಯ ಬ್ರೈಟನ್ ಊರಿಗೆ ಸುಮಾರು 60 ಮೈಲಿ. ಇದು ಪಂದ್ಯವಲ್ಲ, ಮೊದಲು ಮುಟ್ಟಿದವರಿಗೆ ಬಹುಮಾನವಿಲ್ಲ. ಕತ್ತಲಾಗುವುದರೊಳಗೆ ಊರು ಸೇರಿದವರಿಗೆಲ್ಲ ಒಂದೊಂದು ಪದಕ. ಸಾಲಿನಲ್ಲಿ ನಿಲ್ಲಲು ಮಾತ್ರ ಒಂದು ಷರತ್ತಿದೆ. ಕಾರು 1905ರ ಜನವರಿ 1ಕ್ಕಿಂತ ಮೊದಲು ತಯಾರಾಗಿರಬೇಕು.

ಒಂದೇ ಕಾರ್ಖಾನೆಯಲ್ಲಿ, ಒಂದೇ ನಮೂನೆಯ ಎಂಜಿನ್ ಹೊತ್ತು ಹೊರಬಂದ ಎರಡು ಕಾರುಗಳನ್ನು ಇಟ್ಟುಕೊಂಡು ನೋಡಿ. ಡಿಸೆಂಬರಿನದು ಒಳಗೆ, ಜನವರಿಯದು ಹೊರಗೆ. ಡಿಸೆಂಬರಿನದು ಯಾವುದು ಎಂದು ಹೇಳುವವರು ಯಾರು? ಆ ಕಾರು ಮಾಡಿದ ಕಂಪನಿ ಬಹುಪಾಲು ಮುಚ್ಚಿಹೋಗಿ ನೂರು ವರ್ಷವಾಗಿದೆ. ಸರಕಾರಕ್ಕೆ ಆ ಗೊಡವೆಯಿಲ್ಲ. ಹೇಳುವುದು ಹವ್ಯಾಸಿಗಳ ಒಂದು ಸಂಘದ ಸಮಿತಿ. ಸಂಬಳವಿಲ್ಲದ, ತಾವೂ ಅಂಥದೇ ಕಾರುಗಳನ್ನು ಕೊಟ್ಟಿಗೆಯಲ್ಲಿ ಇಟ್ಟುಕೊಂಡ ಜನ ಅಲ್ಲಿ ಕೂತಿರುತ್ತಾರೆ.

ಸ್ಮರಣ ಸಂಚಿಕೆಗಳಲ್ಲಿ ಸಂಘದ ಚರಿತ್ರೆ ಎಂದರೆ ಅಧ್ಯಕ್ಷರ ಪಟ್ಟಿ, ರ್‍ಯಾಲಿಗೆ ಹಸಿರು ಬಾವುಟ ತೋರಿದ ಗಣ್ಯರ ಫೋಟೊ, ಕಪ್ಪು ಗೆದ್ದವರ ಹೆಸರು. ಅವೆಲ್ಲ ಇರಲಿ. ಆದರೆ ಹಳೆ ಕಾರಿನ ಸಂಘಗಳ ಕಥೆಯನ್ನು ಅವುಗಳ ಜಗಳಗಳಿಂದ ಹೇಳಿದರೆ ಹೆಚ್ಚು ನಿಜವಾಗುತ್ತದೆ ಎಂದು ನನಗೆ ಅನ್ನಿಸಿದೆ. ಕಾರನ್ನು ಪ್ರೀತಿಸಲು ಸಂಘ ಬೇಕಿಲ್ಲ, ಒಂದು ಶೆಡ್ಡು ಸಾಕು. ನನ್ನ ಕಾರು ನಿಜಕ್ಕೂ ನಾನು ಹೇಳಿದ ಇಸವಿಯದೇ ಎಂದು ನಾಲ್ಕು ಜನ ಒಪ್ಪಬೇಕೆಂದರೆ ಸಂಘ ಬೇಕಾಗುತ್ತದೆ. ಬ್ರಿಟನ್ನಿನವರು ಈ ಒಪ್ಪಿಗೆಗೊಂದು ವ್ಯವಸ್ಥೆ ಕಟ್ಟಲು ಹಲವು ದಶಕ ತೆಗೆದುಕೊಂಡರು. ಆ ವ್ಯವಸ್ಥೆಯ ನೆರಳು ಇವತ್ತು ನಮ್ಮ ಆರ್‌ಟಿಒ ಕಚೇರಿಯ ಬಾಗಿಲವರೆಗೂ ಬಂದಿದೆ.

ಬ್ರೈಟನ್ ದಾರಿಯ ಮೂಲ 1896ರ ನವೆಂಬರ್ 14. ಅದಕ್ಕೂ ಮೊದಲು ಬ್ರಿಟನ್ನಿನ ರಸ್ತೆಯಲ್ಲಿ ಕುದುರೆಯಿಲ್ಲದ ಗಾಡಿಗೆ ಊರ ಹೊರಗೆ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಮಿತಿಯಿತ್ತು. 1865ರ ಕಾನೂನಿನಂತೆ ಗಾಡಿಯ ಮುಂದೆ 60 ಗಜ ದೂರದಲ್ಲಿ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. 1878ರಲ್ಲಿ ಬಾವುಟದ ಕಡ್ಡಾಯ ಹೋಯಿತು, ಮುಂದೆ ನಡೆಯುವವನು ಮಾತ್ರ ಉಳಿದ. 1896ರ ಹೊಸ ಕಾನೂನು ಅವನನ್ನೂ ಮನೆಗೆ ಕಳಿಸಿ, ವೇಗದ ಮಿತಿಯನ್ನು 14 ಮೈಲಿಗೆ ಏರಿಸಿತು. ಸ್ಥಳೀಯ ಆಡಳಿತದ ಇಲಾಖೆ ಅದನ್ನು 12ಕ್ಕೆ ಇಳಿಸಿತು. ಇಲಾಖೆಗಳ ಸ್ವಭಾವ ಎಲ್ಲ ಕಡೆ ಒಂದೇ. ಕಾನೂನು ಜಾರಿಗೆ ಬಂದ ದಿನವೇ ಮೋಟಾರ್ ಕಾರ್ ಕ್ಲಬ್ ಎಂಬ ಹೆಸರಿನಲ್ಲಿ ಲಂಡನ್ನಿನಿಂದ ಬ್ರೈಟನ್‌ಗೆ ಮೆರವಣಿಗೆ ಹೊರಟಿತು. ಹೊರಡುವ ಮುನ್ನ ಉಪಾಹಾರ ಕೂಟದಲ್ಲಿ ವಿಂಚೆಲ್ಸಿಯ ಅರ್ಲ್ ಒಂದು ಕೆಂಪು ಬಾವುಟವನ್ನು ಎಲ್ಲರೆದುರು ಹರಿದು ಹಾಕಿದ. ಆ ಬಾವುಟ ಕಡ್ಡಾಯವಲ್ಲದಾಗಿ ಆಗಲೇ 18 ವರ್ಷ ಕಳೆದಿತ್ತು. ನಾಟಕಕ್ಕೆ ಅದರಿಂದ ಅಡ್ಡಿಯಾಗಲಿಲ್ಲ.

ಮೆರವಣಿಗೆಯ ಸೂತ್ರಧಾರ ಹ್ಯಾರಿ ಲಾಸನ್. ಸೈಕಲ್ ಉದ್ಯಮದಿಂದ ಬಂದವನು, ಕಂಪನಿಗಳ ಷೇರು ಮಾರುವುದರಲ್ಲಿ ನಿಪುಣ. ಮೋಟಾರು ಗಾಡಿಯ ಪೇಟೆಂಟುಗಳನ್ನೆಲ್ಲ ಕೊಂಡು ಇಡೀ ಬ್ರಿಟಿಷ್ ಉದ್ಯಮವನ್ನು ಕೈಯೊಳಗೆ ಇಟ್ಟುಕೊಳ್ಳುವ ಹಂಚಿಕೆ ಅವನದು. ಮೋಟಾರ್ ಕಾರ್ ಕ್ಲಬ್ ಹೆಸರಿಗೆ ಕ್ಲಬ್ಬು, ಕೆಲಸದಲ್ಲಿ ಅವನ ಪ್ರಚಾರದ ಅಂಗಡಿ. ಹಾಗಾಗಿ ಆ ದಿನ ಎಷ್ಟು ಗಾಡಿ ಹೊರಟವು, ಎಷ್ಟು ನಿಜವಾಗಿ ರಸ್ತೆಯ ಮೇಲೇ ಬ್ರೈಟನ್ ಮುಟ್ಟಿದವು ಎಂಬ ಲೆಕ್ಕ ಇವತ್ತಿಗೂ ಬರೆಯುವವರಲ್ಲಿ ಒಮ್ಮತಕ್ಕೆ ಬಂದಿಲ್ಲ. ಒಂದು ಬ್ಯಾಟರಿ ಗಾಡಿಯನ್ನು ರೈಲಿನಲ್ಲಿ ಸಾಗಿಸಿ, ಬ್ರೈಟನ್‌ನಲ್ಲಿ ಇಳಿಸಿ, ದಾರಿಯುದ್ದ ಬಂದಂತೆ ಕಾಣಲೆಂದು ಕೆಸರು ಮೆತ್ತಿದರು ಎಂಬ ಮಾತು ಆಗಿನಿಂದಲೂ ಇದೆ. ಲೆಕ್ಕ ಬರೆಯುವವನೇ ಮಾರುವವನೂ ಆದಾಗ ಇಂಥ ಮಾತು ಹುಟ್ಟದೆ ಇರುವುದಿಲ್ಲ. ಲಾಸನ್ 1904ರಲ್ಲಿ ಷೇರುದಾರರಿಗೆ ಮೋಸ ಮಾಡಿದ್ದಕ್ಕೆ ಒಂದು ವರ್ಷದ ಕಠಿಣ ಶಿಕ್ಷೆಗೆ ಗುರಿಯಾದ.

ಅವನ ಜೊತೆಗಿದ್ದ ಫ್ರೆಡರಿಕ್ ಸಿಮ್ಸ್ ಬೇಗನೆ ಬೇರೆಯಾಗಿ 1897ರಲ್ಲಿ ಆಟೊಮೊಬೈಲ್ ಕ್ಲಬ್ ಆಫ್ ಗ್ರೇಟ್ ಬ್ರಿಟನ್ ಸ್ಥಾಪಿಸಿದ. 1907ರಲ್ಲಿ ದೊರೆಯ ಅನುಗ್ರಹದಿಂದ ಹೆಸರಿನ ಮುಂದೆ 'ರಾಯಲ್' ಸೇರಿ ಅದೇ ಆರ್‌ಎಸಿ ಆಯಿತು. ಶ್ರೀಮಂತರ ಕ್ಲಬ್ಬು ನಿಜ, ಆದರೆ ಲೆಕ್ಕದ ವಿಷಯದಲ್ಲಿ ಲಾಸನ್ನನಿಗೆ ತದ್ವಿರುದ್ಧ. 1900ರ ಏಪ್ರಿಲ್ 23ರಂದು ಹೊರಟ ಸಾವಿರ ಮೈಲಿಯ ಪರೀಕ್ಷಾ ಪಯಣದಲ್ಲಿ ಕಾರುಗಳೊಳಗೆ ವೀಕ್ಷಕರನ್ನು ಕೂರಿಸಿ, ಎಲ್ಲಿ ನಿಂತಿತು, ಯಾಕೆ ನಿಂತಿತು, ಏರನ್ನು ಎಷ್ಟು ಹೊತ್ತಿನಲ್ಲಿ ಹತ್ತಿತು ಎಂದು ಬರೆಸಿದರು. ಏರ್ಪಾಟು ಮಾಡಿದವನು ಕ್ಲಬ್ಬಿನ ಕಾರ್ಯದರ್ಶಿ ಕ್ಲಾಡ್ ಜಾನ್ಸನ್. ಪಯಣದಲ್ಲಿ ಪ್ಯಾನ್‌ಹಾರ್ಡ್ ಕಾರು ಓಡಿಸಿ ಚಿನ್ನದ ಪದಕ ಪಡೆದವನು ಸಿ.ಎಸ್. ರೋಲ್ಸ್. ಮುಂದೆ ರೋಲ್ಸ್ 1904ರಲ್ಲಿ ಹೆನ್ರಿ ರಾಯ್ಸ್‌ನನ್ನು ಭೇಟಿಯಾದ. ಅವರಿಬ್ಬರ ಕಂಪನಿಯನ್ನು ನಿಭಾಯಿಸಿದವನು ಇದೇ ಜಾನ್ಸನ್. ಇನ್ನೊಬ್ಬರ ಕಾರಿನಲ್ಲಿ ಕೂತು ನಿಷ್ಠುರವಾಗಿ ಟಿಪ್ಪಣಿ ಬರೆಯುವ ಅಭ್ಯಾಸ ಮೋಟಾರು ಸಂಘಗಳಿಗೆ ಅಂಟಿದ್ದು ಈ ಪಯಣದಿಂದ ಎಂದರೆ ಹೆಚ್ಚು ತಪ್ಪಾಗದು.

ಆಗ ಎಲ್ಲ ಕಾರುಗಳೂ ಹೊಸವು. ಹಳೆ ಕಾರು ಎಂಬ ವರ್ಗವೇ ಇರಲಿಲ್ಲ. ಇದ್ದದ್ದು ಕೆಟ್ಟ ಕಾರು, ಗುಜರಿಗೆ ಹೋಗುವ ಕಾರು. 1920ರ ದಶಕದ ಹೊತ್ತಿಗೆ 1900ರ ಆಸುಪಾಸಿನ ಗಾಡಿಗಳು ಹೊಲದ ಮೂಲೆಯಲ್ಲಿ ನೀರೆತ್ತುವ ಪಂಪು ತಿರುಗಿಸುತ್ತಲೋ, ಕೋಳಿಗೂಡಾಗಿಯೋ ಕೊನೆಗಾಣುತ್ತಿದ್ದವು. 1927ರ ನವೆಂಬರಿನಲ್ಲಿ 'ಡೇಲಿ ಸ್ಕೆಚ್' ಪತ್ರಿಕೆ ಹಳೆಯ ಬ್ರೈಟನ್ ಮೆರವಣಿಗೆಯನ್ನು ಮತ್ತೆ ನಡೆಸಿತು. ಪತ್ರಿಕೆಗೆ ಬೇಕಿದ್ದದ್ದು ಚಿತ್ರ, ಜನರಿಗೆ ಬೇಕಿದ್ದದ್ದು ನಗು. ಮುದಿ ಡಕೋಟಾಗಳ ಓಟ ಎಂಬರ್ಥದ ಅಡ್ಡಹೆಸರೂ ಬಿತ್ತು. ಅಜ್ಜನ ಕಾಲದ ಕೋಟು, ಕನ್ನಡಕ, ಗಡ್ಡ ಹಚ್ಚಿಕೊಂಡು ಬಂದವರಿಗೆ ಅದು ವೇಷದ ಜಾತ್ರೆಯಾಯಿತು. ಆದರೆ ಆ ಗಾಡಿಗಳ ಒಡೆಯರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಬಿಸಿ ಕೊಳವೆಯಿಂದ ಇಂಧನ ಹೊತ್ತಿಸುವ ಒಂದು ಸಿಲಿಂಡರಿನ ಎಂಜಿನ್ನನ್ನು ಬೆಳಗಿನ ಚಳಿಯಲ್ಲಿ ಎಬ್ಬಿಸಿ 60 ಮೈಲಿ ನಡೆಸುವುದು ಹಾಸ್ಯವಲ್ಲ ಎಂದು ಅವರಿಗೆ ಗೊತ್ತಿತ್ತು.

1930ರಲ್ಲಿ ಈ ಓಟದ ಹೊಣೆಯನ್ನು ಆರ್‌ಎಸಿ ವಹಿಸಿಕೊಂಡಿತು. ಅದೇ ವರ್ಷ ವೆಟರನ್ ಕಾರ್ ಕ್ಲಬ್ ಹುಟ್ಟಿತು. ಸ್ಥಾಪಕರಲ್ಲಿ ಒಬ್ಬ ಎಸ್.ಸಿ.ಎಚ್. ಡೇವಿಸ್, ಎಲ್ಲರ ಬಾಯಲ್ಲಿ ಸ್ಯಾಮಿ ಡೇವಿಸ್. 'ದಿ ಆಟೊಕಾರ್' ಪತ್ರಿಕೆಯ ಕ್ರೀಡಾ ಸಂಪಾದಕ, 1927ರಲ್ಲಿ ಡಾ. ಬೆಂಜಾಫೀಲ್ಡ್ ಜೊತೆಗೂಡಿ, ಅಪಘಾತದಲ್ಲಿ ಸೊಟ್ಟಗಾದ ಬೆಂಟ್ಲಿಯನ್ನೇ ಓಡಿಸಿ ಲ ಮಾನ್ 24 ಗಂಟೆಯ ಪಂದ್ಯ ಗೆದ್ದವನು. ತನ್ನ ಕಾಲದ ಅತಿ ವೇಗದ ಕಾರುಗಳನ್ನು ಬಲ್ಲ ಇಂಥವನು ಗಂಟೆಗೆ 15 ಮೈಲಿಯ ಗಾಡಿಗಳ ಮಾನ ಕಾಯಲು ನಿಂತದ್ದು ಸಂಘಕ್ಕೆ ಒಂದು ತೂಕ ತಂದಿತು. ನಗಬೇಡಿ, ನೋಡಿ, ಬರೆದಿಡಿ. ಸಂಘದ ಮೊದಲ ಹತ್ತು ವರ್ಷಗಳ ಕೆಲಸವನ್ನು ಇಷ್ಟರಲ್ಲೇ ಹೇಳಿಬಿಡಬಹುದು.

ಬರೆದಿಡಲು ಹೊರಟಾಗಲೇ ಇಸವಿಯ ತೊಡಕು ಎದ್ದದ್ದು. ಬ್ರಿಟನ್ನಿನಲ್ಲಿ ಕಾರಿಗೆ ನಂಬರ್ ಪ್ಲೇಟು ಕಡ್ಡಾಯವಾದದ್ದು 1904ರ ಜನವರಿ 1ರಿಂದ. ಅದಕ್ಕೂ ಮುಂಚಿನ ಗಾಡಿಗಳೆಲ್ಲ ಆಗ ಒಟ್ಟಿಗೆ ಬಂದು ನಂಬರು ಪಡೆದವು. ನಂಬರು ಸಿಕ್ಕ ದಿನ ಗೊತ್ತಾದರೂ ಗಾಡಿ ಹುಟ್ಟಿದ ದಿನ ಅದರಿಂದ ತಿಳಿಯುವುದಿಲ್ಲ. ಎಂಜಿನ್ ನಂಬರು ನೋಡೋಣವೆಂದರೆ, ಆ ಕಾಲದ ಸಣ್ಣಪುಟ್ಟ ತಯಾರಕರು ಎಂಜಿನ್ನನ್ನು ತಾವು ಮಾಡುತ್ತಲೇ ಇರಲಿಲ್ಲ. ಫ್ರಾನ್ಸಿನ ಡಿ ಡಿಯೋನ್ ಬೂಟೋನ್‌ನಂಥ ಕಂಪನಿಯಿಂದ ತರಿಸಿ ಕೂರಿಸುತ್ತಿದ್ದರು. ಹಾಗಾಗಿ ಎಂಜಿನ್ ನಂಬರು ಎಂಜಿನ್ನಿನ ಇಸವಿಯನ್ನು ಹೇಳೀತೇ ಹೊರತು ಕಾರಿನದನ್ನಲ್ಲ. ಬಾಡಿ ಕಟ್ಟಿದವನು ಮತ್ತೊಬ್ಬ, ಅವನು ಮೊದಲು ಕುದುರೆಗಾಡಿ ಕಟ್ಟುತ್ತಿದ್ದವನು. ಇನ್ನು ಉಳಿದದ್ದು ಮನೆಯವರ ಮಾತು: ನಮ್ಮ ಅಜ್ಜ ಮದುವೆಯಾದ ವರ್ಷ ಕೊಂಡದ್ದು. ಎಲ್ಲ ಸಾಕ್ಷಿಗಳಲ್ಲಿ ಅತಿ ಬಡವಾದದ್ದು ಇದೇ. ಅಜ್ಜ ಕೊಂಡದ್ದು ಸೆಕೆಂಡ್ ಹ್ಯಾಂಡ್ ಎಂಬುದು ಮೂರನೇ ತಲೆಮಾರಿಗೆ ಸಾಮಾನ್ಯವಾಗಿ ಮರೆತಿರುತ್ತದೆ.

ಇದಕ್ಕೆಂದೇ ಕ್ಲಬ್ಬಿನಲ್ಲಿ ಕಾಲನಿರ್ಣಯದ ಸಮಿತಿ ಬೆಳೆಯಿತು. ಅವರು ಕಾರಿನ ಕೆಳಗೆ ಮಲಗಿ ಆಕ್ಸಲ್ಲಿನ ಎರಕ, ಚಾಸಿಯ ಕಂಬಿಗಳ ಜೋಡಣೆ, ರೇಡಿಯೇಟರಿನ ಆಕಾರ, ಕಾರ್ಬುರೇಟರಿನ ನಮೂನೆ, ಗೇರು ಬದಲಿಸುವ ಕಡ್ಡಿಯ ಜಾಗ ನೋಡುತ್ತಾರೆ. ಅದನ್ನು ಆಗಿನ ಕಂಪನಿ ಕ್ಯಾಟಲಾಗು, ಮೋಟಾರು ಪ್ರದರ್ಶನಗಳ ವರದಿ, ಪತ್ರಿಕೆಯ ಜಾಹೀರಾತಿನ ಚಿತ್ರಗಳ ಜೊತೆ ತಾಳೆ ಹಾಕುತ್ತಾರೆ. ಈ ಬಗೆಯ ಆಕ್ಸಲ್ ಆ ವರ್ಷದ ಪ್ರದರ್ಶನದಲ್ಲಿ ಮೊದಲು ಕಂಡಿತು, ಆದ್ದರಿಂದ ಈ ಗಾಡಿ ಅದಕ್ಕಿಂತ ಹಿಂದಿನದಾಗಲಾರದು. ತರ್ಕ ಹೀಗೆ ನಡೆಯುತ್ತದೆ, ಶಾಸನದ ಕಾಲ ಹೇಳುವವರು ಲಿಪಿಯ ತಿರುವು ನೋಡಿದ ಹಾಗೆ. ಕೊನೆಗೆ ಒಂದು ಪ್ರಮಾಣಪತ್ರ. ಅದಿದ್ದರೆ ಬ್ರೈಟನ್ ದಾರಿ ತೆರೆದಂತೆ. ಹೊಸ ಸಾಕ್ಷಿ ಸಿಕ್ಕರೆ ಪ್ರಮಾಣಪತ್ರವೂ ಬದಲಾಗುತ್ತದೆ. 1904 ಎಂದು ಹೆಮ್ಮೆಯಿಂದ ಕಾಪಾಡಿದ ಕಾರು ಒಂದು ಪತ್ರದಿಂದ 1905ಕ್ಕೆ ಜಾರಿದರೆ ನವೆಂಬರಿನ ಸಾಲಿನಿಂದ ಹೊರಬೀಳುತ್ತದೆ, ಬೆಲೆಯೂ ಕುಸಿಯುತ್ತದೆ. ಆ ಪತ್ರ ಬರೆಯುವವರು ಮುಂದಿನ ತಿಂಗಳ ಊಟದ ಕೂಟದಲ್ಲಿ ಅದೇ ಒಡೆಯನ ಪಕ್ಕದಲ್ಲಿ ಕೂರಬೇಕು. ಸದಸ್ಯತ್ವದ ಶುಲ್ಕ ಪಡೆದವರಿಗೇ ಕಹಿ ಸುದ್ದಿ ಕೊಡುವ ಈ ಗಟ್ಟಿತನವೇ ಆ ಕ್ಲಬ್ಬಿನ ನಿಜವಾದ ಆಸ್ತಿ ಎಂದು ನಾನು ತಿಳಿದಿದ್ದೇನೆ.

ಇನ್ನೊಂದು ಕ್ಲಬ್ಬು ಹುಟ್ಟಿದ್ದು ಇದಕ್ಕಿಂತ ಬೇರೆ ಮನಸ್ಸಿನಿಂದ. 1934ರಲ್ಲಿ ಕೈಯಲ್ಲಿ ಹೆಚ್ಚು ಕಾಸಿಲ್ಲದ ತರುಣರ ಒಂದು ಗುಂಪು ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಕಟ್ಟಿತು. ಅಷ್ಟೊಂದು ಶ್ರೀಮಂತರಲ್ಲದವರಿಗಾಗಿ ಎಂದು ಅವರೇ ಹೇಳಿಕೊಂಡರು. ಕಾರು ಕನಿಷ್ಠ ಐದು ವರ್ಷ ಹಳೆಯದಾಗಿರಬೇಕು ಎಂಬುದು ಮೊದಲ ಕಟ್ಟಳೆ. ಹೊಸ ಸ್ಪೋರ್ಟ್ಸ್ ಕಾರು ಕೊಳ್ಳಬಲ್ಲವರನ್ನು ದೂರವಿಡಲು ಅಷ್ಟು ಸಾಕಾಗಿತ್ತು. ಆದರೆ ಅದರ ಹಿಂದೆ ಒಂದು ಖಡಾಖಂಡಿತ ಅಭಿಪ್ರಾಯವೂ ಇತ್ತು. ಆರ್ಥಿಕ ಮುಗ್ಗಟ್ಟಿನ ನಂತರ ಬಂದ ಕಾರುಗಳು ಅಗ್ಗದವು, ಮೆತ್ತಗಿನವು, ಲೆಕ್ಕಿಗರು ವಿನ್ಯಾಸ ಮಾಡಿದವು. ಒಳ್ಳೆಯ ಎಂಜಿನಿಯರಿಂಗ್ 1930ರ ಜೊತೆಗೇ ಮುಗಿಯಿತು ಎಂಬ ವಾದ. ಹಾಗಾಗಿ ವರ್ಷ ವರ್ಷ ಮುಂದೆ ಸರಿಯಬೇಕಿದ್ದ ಐದು ವರ್ಷದ ಗೆರೆ 1930ರ ಡಿಸೆಂಬರ್ 31ರಲ್ಲಿ ನಾಟಿಕೊಂಡಿತು. ಇಪ್ಪತ್ತು ಮೂವತ್ತು ವಯಸ್ಸಿನ ಹುಡುಗರು ತಮ್ಮ ಕಾಲವನ್ನು ಬೈದು, ನಾಲ್ಕು ವರ್ಷದ ಹಿಂದಿನದೇ ಸುವರ್ಣಯುಗ ಎಂದು ಸಾರಿದ ಈ ಮಾತು ಈಗ ಪ್ರಪಂಚದ ಹಲವು ಕಡೆ ವಿಂಟೇಜ್ ಕಾರಿನ ಲಕ್ಷಣವಾಗಿ ಕೂತಿದೆ.

ಆ ಕ್ಲಬ್ಬಿನ ದೊಡ್ಡ ವಾದಿ ಸೆಸಿಲ್ ಕ್ಲಟನ್. ಚರ್ಚಿನ ಪೈಪ್ ಆರ್ಗನ್ನುಗಳ ಪಂಡಿತ, ಹಳೆಯ ಗಡಿಯಾರಗಳ ಪಂಡಿತ. ಗಡಿಯಾರ ತಯಾರಕ ಜಾರ್ಜ್ ಡೇನಿಯಲ್ಸ್ ಜೊತೆ ಆ ವಿಷಯಕ್ಕೆ ಪುಸ್ತಕವನ್ನೇ ಬರೆದವನು. ಓಡಿಸುತ್ತಿದ್ದದ್ದು 1908ರ ಇಟಾಲಾ ರೇಸಿಂಗ್ ಕಾರು. ಆರ್ಗನ್ನಿನ ನಾದಕ್ಕೂ ಗಡಿಯಾರದ ಹಲ್ಲಿಗೂ ಕಿವಿಗೊಟ್ಟವನಿಗೆ ಕಾರಿನ ಗೇರು ಪೆಟ್ಟಿಗೆಯಲ್ಲೂ ರುಚಿ ಅರುಚಿ ಕಾಣದೆ ಇರುತ್ತದೆಯೇ? ಅವನ ಬರಹದ ಖಾರ ಇಷ್ಟವಾಗದವರು ಸಿಟ್ಟಿನಿಂದ ಉತ್ತರಿಸುತ್ತಿದ್ದರು. ಆ ಸಿಟ್ಟೇ ಕ್ಲಬ್ಬಿನ ಪ್ರಕಟಣೆಗಳನ್ನು ಓದುವಂತೆ ಮಾಡಿತು.

ಅಭಿಪ್ರಾಯಗಳ ಈ ವಿನಿಮಯಕ್ಕೆ ನಿಜವಾದ ಪರೀಕ್ಷೆ ಎರಡನೇ ಮಹಾಯುದ್ಧ. ಪೆಟ್ರೋಲಿಗೆ ರೇಷನ್ ಬಂತು. 1942ರಲ್ಲಿ ಖಾಸಗಿ ಸವಾರಿಗೆ ಸಿಗುತ್ತಿದ್ದ ಅಷ್ಟಿಷ್ಟೂ ನಿಂತಿತು. ಕಾರುಗಳು ಟಾರ್ಪಾಲಿನ ಕೆಳಗೆ, ಚಕ್ರ ಬಿಚ್ಚಿ ಇಟ್ಟಿಗೆಯ ಮೇಲೆ. ರ್‍ಯಾಲಿ ಇಲ್ಲ, ಗುಡ್ಡ ಹತ್ತುವ ಸ್ಪರ್ಧೆ ಇಲ್ಲ. ಕಾರಿಲ್ಲದೆ ಕಾರಿನ ಸಂಘ ಉಳಿಯುವುದು ಹೇಗೆ? ಉಳಿಸಿದವನು ಬಿಲ್ ಬಾಡಿ. 'ಮೋಟಾರ್ ಸ್ಪೋರ್ಟ್' ಮಾಸಪತ್ರಿಕೆಯನ್ನು 1936ರಿಂದ ನೋಡಿಕೊಳ್ಳುತ್ತಿದ್ದ. ಯುದ್ಧಕಾಲದ ಸರಕಾರಿ ಕೆಲಸದ ನಡುವೆ ಬಿಡುವಿನಲ್ಲಿ ಸಂಪಾದನೆ. ವರದಿ ಮಾಡಲು ಪಂದ್ಯಗಳೇ ಇಲ್ಲದಾಗ ಓದುಗರನ್ನೇ ಬರೆಯಲು ಹಚ್ಚಿದ. 'ನಾನು ಇಟ್ಟುಕೊಂಡಿದ್ದ ಕಾರುಗಳು' ಎಂಬರ್ಥದ ಒಂದು ಮಾಲೆ ಶುರುವಾಯಿತು. ಸೈನ್ಯದಲ್ಲಿದ್ದವರು, ಕಾರ್ಖಾನೆಗಳಲ್ಲಿದ್ದವರು ಕೊಂಡ, ಕೆಡಿಸಿದ, ಮಾರಿ ಪಶ್ಚಾತ್ತಾಪಪಟ್ಟ ಕಾರುಗಳ ಬಗ್ಗೆ ಬರೆದು ಕಳಿಸಿದರು. ಯಾವ ಮಾಡೆಲಿನ ಕ್ಲಚ್ಚು ಯಾವಾಗ ಕೈಕೊಡುತ್ತದೆ, ಯಾವುದರ ಬ್ರೇಕಿಗೆ ಹೆದರಬೇಕು, ಯಾವ ಊರಿನ ಯಾವ ಗುಜರಿಯಲ್ಲಿ ಏನು ಬಿದ್ದಿದೆ ಎಂಬುದೆಲ್ಲ ಅಲ್ಲಿ ಬಂತು. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಮುಂದಿನ ಸಂಚಿಕೆಯಲ್ಲಿ ಅಲ್ಲಗಳೆದ. ಯುದ್ಧ ಮುಗಿದು ಟಾರ್ಪಾಲು ತೆಗೆಯುವ ಹೊತ್ತಿಗೆ ಪರಸ್ಪರ ಮುಖ ನೋಡದವರು ಒಬ್ಬರ ಕಾರಿನ ಚರಿತ್ರೆ ಒಬ್ಬರು ಬಲ್ಲವರಾಗಿದ್ದರು. ಬಾಡಿ 1991ರವರೆಗೆ ಸಂಪಾದಕನಾಗಿದ್ದ. 2011ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡ. ಹವ್ಯಾಸಿ ಸಂಘಗಳ ಚರಿತ್ರೆಯಲ್ಲಿ ಕಾರು ಓಡಿಸಿದವರಿಗಿಂತ ಪತ್ರಗಳನ್ನು ಅಚ್ಚು ಮಾಡಿದವರಿಗೆ ಹೆಚ್ಚು ಜಾಗ ಸಿಗಬೇಕು ಎಂದು ನನ್ನನ್ನು ಕೇಳಿದರೆ ಹೇಳುತ್ತೇನೆ.

1930ರ ಗೆರೆ ತಗಾದೆಗಳನ್ನೂ ತಂದಿತು. 1931ರ ಒಳ್ಳೆಯ ಕಾರು ಹೊಂದಿದವನು ಏನು ಪಾಪ ಮಾಡಿದ್ದ? ಕ್ಲಬ್ಬು ಕೊನೆಗೆ 1931ರಿಂದ 1940ರವರೆಗಿನ ಆಯ್ದ ಕಾರುಗಳಿಗೆ ಪಿವಿಟಿ (ಪೋಸ್ಟ್ ವಿಂಟೇಜ್ ಥರೋಬ್ರೆಡ್) ಎಂಬ ಇನ್ನೊಂದು ವರ್ಗ ತೆರೆಯಿತು. ಯಾವ ಕಂಪನಿಯ ಯಾವ ಮಾಡೆಲು ಪಟ್ಟಿಗೆ ಸೇರಬೇಕು ಎಂಬ ಚರ್ಚೆ ಆಗ ಶುರುವಾಯಿತು. ಅದು ಮುಗಿಯುವ ಬಗೆಯದಲ್ಲ.

1953ರಲ್ಲಿ ಬಂದ 'ಜೆನೆವೀವ್' ಸಿನಿಮಾ ಬ್ರೈಟನ್ ಓಟವನ್ನು ಮನೆಮಾತು ಮಾಡಿತು. ಒಂದು ಡರಾಕ್ ಕಾರು, ಒಂದು ಸ್ಪೈಕರ್ ಕಾರು, ಅವುಗಳ ಒಡೆಯರ ಹುಡುಗಾಟದ ಪಂಥ. ಹಳೆ ಕಾರಿನ ಬೆಲೆ ಏರಿದ್ದಕ್ಕೆ ಸಂಘದವರು ಆ ಸಿನಿಮಾವನ್ನು ಬೈಯುವುದೂ ಉಂಟು, ಸದಸ್ಯರು ಹೆಚ್ಚಿದ್ದಕ್ಕೆ ನೆನೆಯುವುದೂ ಉಂಟು. ಅದರ ಹಿಂದಿನ ವರ್ಷ ಮಾಂಟೆಗ್ಯೂ ಪ್ರಭು ಬ್ಯೂಲಿಯ ತನ್ನ ಮನೆಯಲ್ಲಿ, ಮೋಟಾರು ಪ್ರೇಮಿಯಾಗಿದ್ದ ತಂದೆಯ ನೆನಪಿಗೆ ಕೆಲವು ಕಾರುಗಳನ್ನು ಪ್ರದರ್ಶನಕ್ಕಿಟ್ಟ. ಅದು ಬೆಳೆದು ರಾಷ್ಟ್ರೀಯ ಸಂಗ್ರಹಾಲಯವಾಯಿತು. 1967ರಿಂದ ಅಲ್ಲಿ ವರ್ಷಕ್ಕೊಮ್ಮೆ ಬಿಡಿಭಾಗಗಳ ಸಂತೆಯೂ ನೆರೆಯತೊಡಗಿತು. ತುಕ್ಕು ಹಿಡಿದ ಹೆಡ್‌ಲೈಟು, ಜೋಡಿ ತಪ್ಪಿದ ಹಬ್‌ಕ್ಯಾಪು, ಯಾವ ಕಾರಿನದೆಂದು ಮಾರುವವನಿಗೂ ಗೊತ್ತಿಲ್ಲದ ಲಿವರು, ಎಲ್ಲಕ್ಕೂ ಅಲ್ಲಿ ಗಿರಾಕಿ ಉಂಟು.

ಬೆಲೆ ಏರಿದ ಮೇಲೆ ತಕರಾರು ಕ್ಲಬ್ಬಿನ ಕೋಣೆ ದಾಟಿ ಕೋರ್ಟಿಗೆ ಹೋಯಿತು. 1990ರ ಬೆಂಟ್ಲಿ ಮೊಕದ್ದಮೆಯನ್ನು ಹಳೆ ಕಾರಿನ ಆಸಕ್ತಿಯುಳ್ಳ ಪ್ರತಿಯೊಬ್ಬರೂ ತಿಳಿದಿರಬೇಕು. 'ಓಲ್ಡ್ ನಂಬರ್ ಒನ್' ಎಂದು ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ 1929ರಲ್ಲಿ ಬರ್ನಾಟೊ ಮತ್ತು ಬಿರ್ಕಿನ್, 1930ರಲ್ಲಿ ಬರ್ನಾಟೊ ಮತ್ತು ಕಿಡ್‌ಸ್ಟನ್ ಕೈಯಲ್ಲಿ ಲ ಮಾನ್ ಗೆದ್ದಿತ್ತು. ಪ್ರತಿ ಪಂದ್ಯಕ್ಕೂ ಅದಕ್ಕೆ ಭಾಗಗಳು ಬದಲಾಗುತ್ತಿದ್ದವು. 1932ರಲ್ಲಿ ಬೇರೆ ಚಾಸಿ, ಎಂಟು ಲೀಟರಿನ ದೊಡ್ಡ ಎಂಜಿನ್ ಬಂತು. ಆ ವರ್ಷ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ 500 ಮೈಲಿ ಪಂದ್ಯದಲ್ಲಿ ಕಾರು ದಂಡೆ ಮೀರಿ ಹಾರಿ, ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತ. ಕಾರನ್ನು ಮತ್ತೆ ಕಟ್ಟಿದರು, ಬೇರೆ ಬಾಡಿ ಹೊದಿಸಿದರು. ಹೀಗೆ ಕೈ ಬದಲಾಗುತ್ತ ಬಂದ ಕಾರನ್ನು 1990ರಲ್ಲಿ ಒಂದು ಕೋಟಿ ಪೌಂಡಿಗೆ ಮಾರುವ ಒಪ್ಪಂದವಾಯಿತು. ಕೊಳ್ಳುವ ಕಂಪನಿ ಹಿಂದೆ ಸರಿದು, ಇದು ಲ ಮಾನ್ ಗೆದ್ದ ಕಾರೇ ಅಲ್ಲ ಎಂದಿತು.

ನ್ಯಾಯಮೂರ್ತಿ ಆಟನ್ ಎದುರು ತಜ್ಞರು ಒಂದೊಂದು ಭಾಗವನ್ನೂ ಹಿಡಿದು ವಾದಿಸಿದರು. 1929ರಲ್ಲಿ ಓಡಿದ ಲೋಹದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿದಿಲ್ಲ, 1930ರದರಲ್ಲಿ ಉಳಿದಿದ್ದರೂ ಅತ್ಯಲ್ಪ ಎಂಬುದನ್ನು ತೀರ್ಪು ಒಪ್ಪಿತು. ಆದರೂ ಕಾರು ನಿಜವಾದ ಓಲ್ಡ್ ನಂಬರ್ ಒನ್ ಎಂದಿತು. ಕಾರಣ, ಅದರ ಬಾಳು ಎಲ್ಲೂ ತುಂಡಾಗಿಲ್ಲ. ಪ್ರತಿ ಬದಲಾವಣೆಯೂ ಅದೇ ಕಾರಿಗೆ, ಅದರ ಕೆಲಸದ ಭಾಗವಾಗಿ ಆದದ್ದು. ಆ ಹೆಸರನ್ನು ಕೇಳಲು ಹಕ್ಕುಳ್ಳ ಬೇರೆ ಕಾರು ಎಲ್ಲೂ ಇಲ್ಲ. ಕೊಂಡವರು ಒಪ್ಪಂದಕ್ಕೆ ಬದ್ಧರಾಗಬೇಕಾಯಿತು. ಕಬ್ಬಿಣಕ್ಕಿಂತ ಕಾಗದ ಗೆದ್ದ ತೀರ್ಪು ಇದು: ಪಂದ್ಯದ ವರದಿ, ವರ್ಕ್‌ಶಾಪಿನ ದಾಖಲೆ, ಫೋಟೊಗಳಿಲ್ಲದಿದ್ದರೆ ತುಂಡಾಗದ ಬಾಳನ್ನು ತೋರಿಸುವುದು ಹೇಗೆ? ಒರಿಜಿನಲ್ ಎಂದರೆ ಹಳೆಯ ನಟ್ಟು ಬೋಲ್ಟು ಎಂದು ವಾದಿಸುವವರಿಗೆ ನಾನು ಈ ಮೊಕದ್ದಮೆಯನ್ನೇ ಮುಂದಿಡುವುದು. ಅವರು ಒಪ್ಪುವುದಿಲ್ಲ, ಅದು ಬೇರೆ ಮಾತು.

ಸಂಘದ ಮಾತಿಗೆ ಸರಕಾರ ಮನ್ನಣೆ ಕೊಟ್ಟ ಪ್ರಸಂಗವೂ ಅದೇ ದೇಶದ್ದು. 1970ರ ದಶಕದಿಂದ ಬ್ರಿಟನ್ನಿನ ವಾಹನ ದಾಖಲೆಗಳನ್ನು ಸ್ಥಳೀಯ ಕಚೇರಿಗಳ ಪುಸ್ತಕಗಳಿಂದ ಸ್ವಾನ್ಸಿಯ ಕಂಪ್ಯೂಟರಿಗೆ ಸಾಗಿಸಲಾಯಿತು. 1983ರ ನವೆಂಬರ್ ಕೊನೆಯೊಳಗೆ ನೋಂದಾಯಿಸದ ಗಾಡಿಗಳು ತಮ್ಮ ಹಳೆ ನಂಬರು ಕಳೆದುಕೊಂಡವು. ಕೊಟ್ಟಿಗೆಯಲ್ಲಿ ಮಲಗಿದ್ದ ಎಷ್ಟೋ ಕಾರುಗಳ ಗತಿ ಇದೇ ಆಯಿತು. ಹಲವು ಕಚೇರಿಗಳು ಕೈಬರಹದ ಹಳೆ ರಿಜಿಸ್ಟರುಗಳನ್ನು ಎಸೆದುಬಿಟ್ಟವು. ಕೆಲವನ್ನು ಹವ್ಯಾಸಿಗಳು ಉಳಿಸಿಕೊಂಡರು. ಈಗ ಕಳೆದುಹೋದ ನಂಬರನ್ನು ಮರಳಿ ಪಡೆಯಬೇಕಾದರೆ ಮಾನ್ಯತೆ ಪಡೆದ ಒಂದು ಕ್ಲಬ್ಬು ಕಾರನ್ನೂ ಕಾಗದವನ್ನೂ ನೋಡಿ ಶಿಫಾರಸು ಮಾಡಬೇಕು. ದಶಕಗಟ್ಟಲೆ ತಮ್ಮತಮ್ಮಲ್ಲೇ ಜಗಳವಾಡಿ ಗಳಿಸಿದ ವಿಶ್ವಾಸಕ್ಕೆ ಸಿಕ್ಕ ಬಡ್ಡಿ ಇದು.

ಭಾರತದ ಕಥೆಯ ಓಟ ಬೇರೆ. ದಿಲ್ಲಿ, ಕೊಲ್ಕತ್ತಗಳಲ್ಲಿ 'ದಿ ಸ್ಟೇಟ್ಸ್‌ಮನ್' ಪತ್ರಿಕೆಯ ವಿಂಟೇಜ್ ರ್‍ಯಾಲಿ 1960ರ ದಶಕದಿಂದ ನಡೆದುಬಂದಿದೆ. ಇಲ್ಲೂ ಶುರು ಮಾಡಿದ್ದು ಪತ್ರಿಕೆಯೇ ಎಂಬುದನ್ನು ಗಮನಿಸಿ. ಸಂಸ್ಥಾನಗಳ ಕಾರುಗಳು ಹಡಗು ಹತ್ತಿ ಹೊರದೇಶ ಸೇರುತ್ತಿದ್ದುದಕ್ಕೆ 1972ರ ರಫ್ತು ನಿಷೇಧ ತಡೆ ಹಾಕಿತು. ಕರ್ನಾಟಕದಲ್ಲಿ ಧರ್ಮಸ್ಥಳದ ಕಾರು ಸಂಗ್ರಹ ದಕ್ಷಿಣದವರೆಲ್ಲ ಬಲ್ಲದ್ದು; ಮಂಜುನಾಥಸ್ವಾಮಿಯ ದರ್ಶನ ಮುಗಿಸಿದ ಸಂಸಾರಗಳು ಮಕ್ಕಳ ಕೈ ಹಿಡಿದು ಆ ಸಾಲಿನ ಮುಂದೆ ನಿಲ್ಲುವುದನ್ನು ಯಾರೂ ನೋಡಬಹುದು. ಆದರೆ ಹಳೆ ಕಾರು ಎಂದರೆ ಮಹಾರಾಜರ ರೋಲ್ಸ್ ರಾಯ್ಸ್ ಎಂಬ ಕಲ್ಪನೆ ನಮ್ಮಂಥ ಸಂಘಗಳ ಸದಸ್ಯರಿಗೆ ಹೊಂದುವುದಿಲ್ಲ. ನಮ್ಮವರ ಶೆಡ್ಡುಗಳಲ್ಲಿ ಇರುವುದು ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲೀಸ್ ಜೀಪು. ಜೊತೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಒಂದೊಂದು ಬೈಕು.

2021ರ ಜುಲೈನಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಎರಡು ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್. ಹೊಸದಾಗಿ ನೋಂದಾಯಿಸುವುದಕ್ಕೆ ರಾಜ್ಯದ ಅಕ್ಷರಗಳ ನಂತರ ವಿಎ ಎಂಬ ಗುರುತು. ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000. ಮೊದಲೇ ನೋಂದಣಿ ಇರುವವು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ್‍ಯಾಲಿ, ರಿಪೇರಿಗೆ ರಸ್ತೆಗಿಳಿಯಬಹುದು. ದಿನಬಳಕೆಗೂ ಬಾಡಿಗೆಗೂ ಇಲ್ಲ. ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, 1966ರಲ್ಲಿ ಹುಟ್ಟಿದ್ದು, ಚಾರಿತ್ರಿಕ ವಾಹನಕ್ಕೆ 30 ವರ್ಷ ಸಾಕೆನ್ನುತ್ತದೆ, ನಮ್ಮದು 50. ಬ್ರೈಟನ್ನಿನ ಗೆರೆಯಂತೆ ಇದು ನಿಂತ ಗೆರೆಯಲ್ಲ, ವರ್ಷ ವರ್ಷ ಜರುಗುವ ಗೆರೆ. ನನಗೆ ಇದು ಸರಿಯೆನಿಸುತ್ತದೆ. ನಿಂತ ಗೆರೆಯ ಸಂಘಕ್ಕೆ ಕಾರುಗಳು ಕಡಿಮೆಯಾಗುತ್ತ ಹೋಗುತ್ತವೆ, ಸದಸ್ಯರಿಗೆ ವಯಸ್ಸಾಗುತ್ತದೆ. ಜರುಗುವ ಗೆರೆ ಪ್ರತಿ ವರ್ಷ ಒಬ್ಬ ಹೊಸ ಹುಡುಗನನ್ನು, ಅವನ ತಂದೆಯ ಅಂಬಾಸಿಡರನ್ನು ಒಳಗೆ ಕರೆಯುತ್ತದೆ.

ತೊಡಕು ಇರುವುದು ಇಸವಿಗಿಂತ ಇನ್ನೊಂದು ಷರತ್ತಿನಲ್ಲಿ. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗದೆ ಮೂಲರೂಪದಲ್ಲಿ ಇರಬೇಕು ಎನ್ನುತ್ತದೆ ನಿಯಮ. ನಮ್ಮ ಕಾರುಗಳು ಬದುಕಿದ್ದೇ ಬದಲಾವಣೆಯಿಂದ. ಬಿಡಿಭಾಗ ಸಿಗದ ಕಾಲದಲ್ಲಿ ಲೇತಿನವನು ತಿರುವಿಕೊಟ್ಟ ಪಿನ್ನು, ಟಿಂಕರಿಂಗ್ ಮೇಸ್ತ್ರಿ ಬಡಿದು ಕೂರಿಸಿದ ಫ್ಲೋರು, ಪೆಟ್ರೋಲಿನ ಬೆಲೆಗೆ ಹೆದರಿ ಹಾಕಿಸಿದ ಡೀಸೆಲ್ ಎಂಜಿನ್ನು. ಅಂಬಾಸಿಡರಿಗೆ ಡೀಸೆಲ್ ಹಾಕಿಸಿ ಆರ್‌ಸಿ ಬುಕ್ಕಿನಲ್ಲಿ ಬರೆಸಿಕೊಂಡ ಮನೆಗಳು ರಾಜ್ಯದ ತುಂಬ ಇದ್ದವು. ಇಂಥ ಕಾರು ಐವತ್ತು ದಾಟಿ ಅರ್ಜಿ ಹಾಕಿದರೆ ಕೌಂಟರಿನ ಆಚೆ ಇರುವವರು ಏನು ಹೇಳಬೇಕು? ನಟ್ಟು ಬೋಲ್ಟಿನ ಲೆಕ್ಕ ಹಿಡಿದರೆ ಹೊರಗೆ, ನ್ಯಾಯಮೂರ್ತಿ ಆಟನ್ ಲೆಕ್ಕ ಹಿಡಿದರೆ ಒಳಗೆ. ನಮ್ಮಲ್ಲೇ ಇದಕ್ಕೆ ಎರಡು ಪಕ್ಷ. ಮೂಲ ಎಂಜಿನ್ ಹುಡುಕಿ ತಂದು ಕೂರಿಸಲಿ ಎನ್ನುವವರು ಒಂದು ಕಡೆ, ಡೀಸೆಲ್ ಆದದ್ದೂ ಆ ಕಾರಿನ ಚರಿತ್ರೆಯೇ ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯ ಪಕ್ಷದವನು. ಎಲ್ಲಿಂದಲೋ ತಂದ ಎಂಜಿನ್ನನ್ನು ಮೂಲದ್ದೆಂದು ತೋರಿಸುವುದು ಕೆಸರು ಮೆತ್ತಿದ ಗಾಡಿಗೆ ಬಹಳ ದೂರವಲ್ಲ.

ಯಾವ ಪಕ್ಷ ಗೆದ್ದರೂ ಬೇಕಾಗುವುದು ಕಾಗದ. ಕೆಎ ಸರಣಿ ಬರುವ ಮುಂಚಿನ ಎಂವೈ, ಎಂಇ, ಸಿಎ ಅಕ್ಷರಗಳ ನಂಬರುಗಳು ಕಚೇರಿಗಳ ಕೈಬರಹದ ರಿಜಿಸ್ಟರುಗಳಲ್ಲಿ ದಾಖಲಾಗಿದ್ದವು. ಮೊದಲ ಒಡೆಯ ಯಾರು, ಎಂಜಿನ್ ನಂಬರು ಯಾವಾಗ ಬದಲಾಯಿತು ಎಂಬುದಕ್ಕೆ ಅವೇ ಸಾಕ್ಷಿ. ಅದರ ಜೊತೆಗೆ ಹಳೆ ಇನ್ಶೂರೆನ್ಸ್ ಪಾಲಿಸಿ, ತೆರಿಗೆಯ ರಸೀದಿ, ಗ್ಯಾರೇಜಿನ ಬಿಲ್ಲು, ಕಾರಿನ ಬಾನೆಟ್ಟಿಗೆ ಒರಗಿ ತೆಗೆಸಿಕೊಂಡ ಮದುವೆಯ ಫೋಟೊ. ಆರ್‌ಸಿ ಕಾರ್ಡು ಬಂದ ಮೇಲೆ ಹಳೆ ಬುಕ್ಕನ್ನು ಎಸೆದವರು ನಮ್ಮಲ್ಲಿ ಕಡಿಮೆಯಿಲ್ಲ. ಎಸೆಯದೆ ಇಟ್ಟುಕೊಂಡವರು ಒಂದು ನಕಲನ್ನು ಸಂಘದ ಕಾರ್ಯದರ್ಶಿಗಳಿಗೆ ತಲುಪಿಸಬೇಕಾಗಿ ವಿನಂತಿ. ಡೀಸೆಲ್ ಹಾಕಿಸಿದ ಬಿಲ್ಲಿದ್ದರೆ ಅದನ್ನೂ.